ಅಲ್ ಮುರ್ರಾ: ಒಂಟೆಯ ಹಾಲನ್ನು ನಂಬಿ ಬದುಕಿದವರು

ಅರೇಬಿಯಾದ ದಕ್ಷಿಣ ಭಾಗದಲ್ಲಿ ರುಬ್ ಅಲ್ ಖಾಲಿ ಎಂಬ ಮರಳುಗಾಡಿದೆ. ಅದರ ವಿಸ್ತಾರ ಸುಮಾರು 6,50,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರು ಪಟ್ಟಿಗಿಂತಲೂ ಹೆಚ್ಚು. ಅಲ್ಲಿ ತಲೆಮಾರುಗಳಿಂದ ಒಂಟೆ ಮೇಯಿಸಿಕೊಂಡು ಬಂದವರು ಅಲ್ ಮುರ್ರಾ ಬುಡಕಟ್ಟಿನವರು. ಒಂಟೆ ಅಂದರೆ ಸವಾರಿಗೆ, ಹೊರೆಗೆ ಎಂದು ನಾವು ಎಣಿಸಿರುತ್ತೇವೆ. ಇವರನ್ನು ಅರಿಯಬೇಕಾದರೆ ಮೊದಲು ಹಾಲಿನಿಂದ ಶುರು ಮಾಡಬೇಕು.

ಆ ಮರಳುಗಾಡಿನ ಎಷ್ಟೋ ಬಾವಿಗಳ ನೀರು ಸವುಳು. ಮನುಷ್ಯನ ಬಾಯಿಗೆ ಹತ್ತುವುದಿಲ್ಲ. ಒಂಟೆ ಅದನ್ನೇ ಕುಡಿದು, ಉಪ್ಪು ಬೆರೆತ ಕುರುಚಲು ಗಿಡ ಮೇಯ್ದು, ಕುಡಿಯಲು ಹಿತವಾದ ಹಾಲು ಕೊಡುತ್ತದೆ. ನೀರಿಲ್ಲದ ಕಡೆ ಮನೆಮಂದಿಗೆ ಆ ಹಾಲೇ ಊಟ, ಅದೇ ನೀರು ಆಗಿತ್ತು. ಕರೆಯುವ ರೀತಿಯನ್ನು ಗಮನಿಸಿ: ಮೊದಲು ಮರಿಯನ್ನು ಬಿಟ್ಟು ತಾಯಿ ಸೊರೆಬಿಡುವಂತೆ ಮಾಡುತ್ತಾರೆ. ಆಮೇಲೆ ಒಂಟಿಕಾಲಲ್ಲಿ ನಿಂತು, ಮಡಿಸಿದ ಇನ್ನೊಂದು ಕಾಲಿನ ತೊಡೆಯ ಮೇಲೆ ಬೋಗುಣಿ ಇಟ್ಟುಕೊಂಡು ಎರಡೂ ಕೈಯಿಂದ ಕರೆಯುತ್ತಾರೆ. ಉಳಿದ ಹೊತ್ತಿನಲ್ಲಿ ಮರಿ ಹಾಲೆಲ್ಲ ಕುಡಿಯದಂತೆ ಕೆಚ್ಚಲಿಗೆ ಬಲೆಚೀಲ ಕಟ್ಟಿರುತ್ತಾರೆ. ಒಂಟೆ ಗಬ್ಬವಿರುವುದು ಸುಮಾರು 13 ತಿಂಗಳು. ಎರಡು ವರ್ಷಕ್ಕೊಂದು ಮರಿ ಹಾಕಿದರೆ ಹೆಚ್ಚು. ಹಾಗಾಗಿ ಹಿಂಡಿನಲ್ಲಿ ಹೆಣ್ಣೊಂಟೆಗಳದ್ದೇ ಬೆಲೆ.

ಅವರ ಅಲೆದಾಟಕ್ಕೂ ಲೆಕ್ಕವಿತ್ತು. ಚಳಿಗಾಲದಲ್ಲಿ ಹಸಿರು ಮೇವು ಸಿಕ್ಕರೆ ಒಂಟೆ ವಾರಗಟ್ಟಲೆ ನೀರು ಕೇಳುವುದಿಲ್ಲ. ಆಗ ಮಳೆ ಬಿದ್ದ ಸುದ್ದಿಯ ಬೆನ್ನು ಹಿಡಿದು ಉತ್ತರದ ಬಯಲುಗಳವರೆಗೂ ಹೋಗುತ್ತಿದ್ದರು. ವರ್ಷದ ಓಡಾಟ ಸಾವಿರ ಕಿಲೋಮೀಟರ್ ದಾಟುತ್ತಿತ್ತು. ಬೇಸಿಗೆಯಲ್ಲಿ ಮಾತ್ರ ಬಾವಿಯ ಪಕ್ಕವೇ ಬಿಡಾರವಿರುತ್ತಿತ್ತು. ಮೇಕೆಕೂದಲಿನ ಕಪ್ಪು ಗುಡಾರವನ್ನು ನೇಯುತ್ತಿದ್ದವರೂ ಹೂಡುತ್ತಿದ್ದವರೂ ಹೆಂಗಸರು. ನಡುವೆ ಒಂದು ಪರದೆ. ಗಂಡಸರ ಕಡೆಯ ಒಲೆಯಲ್ಲಿ ಬಂದವರಿಗೆ ಏಲಕ್ಕಿ ಹಾಕಿದ ಕಾಫಿ.

ಮರಳಿನ ಮೇಲಿನ ಹೆಜ್ಜೆ ಓದುವುದರಲ್ಲಿ ಇವರು ಹೆಸರಾದವರು. ಸೌದಿ ಪೊಲೀಸರೂ ಈ ಜಾಣ್ಮೆಯನ್ನು ಬಳಸಿಕೊಂಡರು. ಅಮೆರಿಕದ ಮಾನವಶಾಸ್ತ್ರಜ್ಞ ಡೊನಾಲ್ಡ್ ಕೋಲ್ 1960ರ ದಶಕದ ಕೊನೆಗೆ ಇವರೊಂದಿಗೆ ಇದ್ದು, 1975ರಲ್ಲಿ ಪುಸ್ತಕ ಪ್ರಕಟಿಸಿದರು. ಆ ಹೊತ್ತಿಗೆ ಬುಡಕಟ್ಟಿನ ಎಷ್ಟೋ ಮಂದಿ ಸೌದಿ ನ್ಯಾಷನಲ್ ಗಾರ್ಡ್ ಪಡೆಯ ಸಂಬಳಕ್ಕೆ ಸೇರಿದ್ದರು. ಮುಂದೆ ಪಿಕಪ್ ಬಂತು, ಟ್ಯಾಂಕರ್ ಬಂತು. ಒಂಟೆ ಬಾವಿಗೆ ನಡೆಯುವ ಬದಲು ನೀರೇ ಒಂಟೆಯ ಬಳಿಗೆ ಬರತೊಡಗಿತು. ಬಹುಪಾಲು ಜನ ಊರುಗಳಲ್ಲಿ ನೆಲೆಸಿದರೂ ಒಂಟೆ ಸಾಕುವುದನ್ನು ಬಿಡದ ಮನೆಗಳು ಇನ್ನೂ ಇವೆ.

ಈ ಬುಡಕಟ್ಟು ಸೌದಿಯಲ್ಲೂ ಇದೆ, ಕತಾರಿನಲ್ಲೂ ಇದೆ. ಮೇವಿದ್ದ ಕಡೆ ನಡೆಯುವವರ ಪಾಲಿಗೆ ಗಡಿ ಎಷ್ಟು ಕಠಿಣವಾದದ್ದು ಎಂಬುದು 2017ರಲ್ಲಿ ಕಂಡಿತು. ಎರಡು ದೇಶಗಳ ನಂಟು ಮುರಿದಾಗ, ಸೌದಿ ನೆಲದಲ್ಲಿ ಮೇಯುತ್ತಿದ್ದ ಕತಾರಿಗಳ ಸಾವಿರಾರು ಒಂಟೆಗಳನ್ನು ಬೇಸಿಗೆಯ ಬಿಸಿಲಲ್ಲೇ ಗಡಿಯಾಚೆ ಅಟ್ಟಲಾಯಿತು.