ಖಂಡೇ ಪೂಜೆಗೆ ಬಂದೂಕು ಹೊರಬಂದಾಗ ಹೊಣೆ ಯಾರದು?

ಮುದನಾಳ, ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ಬಂದೂಕಿನ ಸಂತೆ ಕೂಡುವುದಿಲ್ಲ. ಆದರೂ ಬಂದೂಕು ಪೆಟ್ಟಿಗೆಯಿಂದ ಹೊರಬಂದು ಜನರ ಕಣ್ಣೆದುರು ನಿಲ್ಲುವ ಸಂದರ್ಭಗಳಿವೆ. ಖಂಡೇನವಮಿಯ ಪೂಜೆ, ಶಾಲಾ ಮಕ್ಕಳು ಪೊಲೀಸ್ ಠಾಣೆ ನೋಡಲು ಬರುವ ‘ತೆರೆದ ಮನೆ’ ಕಾರ್ಯಕ್ರಮ, ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಇವೆಲ್ಲ ಅಂಥವೇ. ಕೆಲವು ಕಡೆ ಮದುವೆ ಮೆರವಣಿಗೆಯಲ್ಲೂ ಬಂದೂಕು ಕಾಣಿಸಿಕೊಳ್ಳುತ್ತದೆ.

1858ರಲ್ಲಿ ಬ್ರಿಟಿಷರ ಎದುರು ನಿಂತ ಸುರಪುರದ ರಾಜಾ ವೆಂಕಟಪ್ಪ ನಾಯಕರ ನಾಡಿನಲ್ಲಿ ಆಯುಧಕ್ಕೆ ಗೌರವ ಇರುವುದು ಸಹಜ. ಆ ಗೌರವ ತೋರಬೇಕಾದದ್ದು ಎಚ್ಚರದಲ್ಲಿ. ಮೊದಲ ಹೊಣೆ ಲೈಸೆನ್ಸ್ ಪಡೆದವರದು. ಕಾರ್ಯಕ್ರಮ ನಡೆಸುವವರು ಮತ್ತು ನೋಡಲು ಬರುವವರು ಕೂಡ ಅದರಿಂದ ಹೊರತಲ್ಲ. ಯಾರು ಏನು ಮಾಡಬೇಕು ಎಂಬುದು ಇಲ್ಲಿದೆ.

ಕಾನೂನು ಏನು ಹೇಳುತ್ತದೆ?

1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿದೆ. ಮದುವೆ, ಧಾರ್ಮಿಕ ಸ್ಥಳ, ಸಾರ್ವಜನಿಕ ಸಭೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಯಾರಿಗೂ ಗಾಯವಾಗಲಿಲ್ಲ ಎಂಬ ಮಾತು ರಕ್ಷಣೆಗೆ ಬರುವುದಿಲ್ಲ. ಅಪಾಯ ಒಡ್ಡಿದ್ದೇ ಅಪರಾಧ. 2016ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಬಂದೂಕನ್ನು ಪೂರ್ತಿ ಮುಚ್ಚಿದ ಚೀಲದಲ್ಲೇ ಒಯ್ಯಬೇಕು. ಝಳಪಿಸುವಂತಿಲ್ಲ, ಸದ್ದಿಗೆಂದು ಖಾಲಿ ತೋಟಾ ಹಾರಿಸುವಂತೆಯೂ ಇಲ್ಲ.

ಲೈಸೆನ್ಸ್‌ದಾರರು ಮಾಡಬೇಕಾದ್ದು

1. ಲೈಸೆನ್ಸ್ ನೋಡಿಕೊಳ್ಳಿ. ಅವಧಿ ಮುಗಿದಿದೆಯೇ, ಯಾವ ಪ್ರದೇಶಕ್ಕೆ ಅನ್ವಯಿಸುತ್ತದೆ ಎಂಬುದನ್ನು ಹಬ್ಬಕ್ಕೆ ಮೊದಲೇ ಪರಿಶೀಲಿಸಿ. ಚುನಾವಣೆ ವೇಳೆ ಬಂದೂಕು ಠೇವಣಿ ಇಡಲು ಜಿಲ್ಲಾಡಳಿತದ ಆದೇಶವಿದ್ದರೆ ಅದನ್ನು ಪಾಲಿಸಿ.

2. ಪೂಜೆಗೆ ಮುನ್ನ ಖಾಲಿ ಮಾಡಿ. ನಳಿಕೆಯನ್ನು ಜನರಿಲ್ಲದ ದಿಕ್ಕಿಗೆ ತಿರುಗಿಸಿ, ಬೆರಳನ್ನು ಟ್ರಿಗರ್‌ನಿಂದ ದೂರವಿಟ್ಟು ತೋಟಾ ತೆಗೆಯಿರಿ. ಜೋಡಿ ನಳಿಕೆಯಿದ್ದರೆ ಎರಡನ್ನೂ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಿ. ಖಾಲಿ ಎಂದು ಗೊತ್ತಿದ್ದರೂ ಯಾರ ಕಡೆಗೂ ಗುರಿ ಹಿಡಿಯಬೇಡಿ.

3. ಮದ್ದು ತುಂಬುವ ಹಳೆಯ ಬಂದೂಕಿನಲ್ಲಿ ಹೆಚ್ಚು ಎಚ್ಚರ ಬೇಕು. ಒಳಗೆ ಮದ್ದು ಉಳಿದಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಅನುಮಾನವಿದ್ದರೆ ಪೂಜೆಗೆ ತರಲೇಬೇಡಿ. ಅಧಿಕೃತ ಬಂದೂಕು ಅಂಗಡಿಯವರಿಗೆ ತಿಳಿಸಿ, ಅವರ ಸಲಹೆಯಂತೆ ತಪಾಸಣೆ ಮಾಡಿಸಿ.

4. ತೋಟಾ ಪೂಜೆಯ ಜಾಗಕ್ಕೆ ಬರಬಾರದು. ಅದು ಬೇರೆ ಕಡೆ ಬೀಗದೊಳಗಿರಲಿ. ದೀಪ, ಊದಿನಕಡ್ಡಿ, ಕರ್ಪೂರದ ಹತ್ತಿರ ಮದ್ದು ಇಡುವುದು ಬೆಂಕಿಗೆ ಆಹ್ವಾನ.

5. ಮಕ್ಕಳ ಕೈಗೆ ಕೊಡಬೇಡಿ. ಫೋಟೊಗೆಂದು ನೆಂಟರ ಕೈಗೂ ಬೇಡ. ಪೂಜೆ ಮುಗಿಯುವವರೆಗೆ ಲೈಸೆನ್ಸ್‌ದಾರರು ಪಕ್ಕದಲ್ಲೇ ಇರಲಿ.

6. ಮುಗಿದ ಕೂಡಲೇ ಒಳಗಿಡಿ. ಕುಂಕುಮ, ನೀರು ತಗುಲಿದ್ದರೆ ಒರೆಸಿ, ಎಣ್ಣೆ ಹಚ್ಚಿ, ಕಪಾಟಿಗೆ ಬೀಗ ಹಾಕಿ. ಬೀಗದ ಕೈ ಒಬ್ಬರ ಬಳಿಯೇ ಇರಲಿ.

ಕಾರ್ಯಕ್ರಮ ನಡೆಸುವವರಿಗೆ

ಪ್ರದರ್ಶನಕ್ಕೆ ಬಂದೂಕು ಇಡುವುದಾದರೆ ಪೊಲೀಸರ ಅನುಮತಿ ಪಡೆದು, ಅವರ ಸುಪರ್ದಿಯಲ್ಲೇ ಇಡಿ. ಮೇಜಿನ ಮುಂದೆ ಹಗ್ಗ ಕಟ್ಟಿ, ನೋಡುವವರನ್ನು ದೂರ ನಿಲ್ಲಿಸಿ. ಎಲ್ಲ ನಳಿಕೆಗಳೂ ಗೋಡೆಯ ಕಡೆಗಿರಲಿ. ಶುರುವಿಗೆ ಮುನ್ನ ಮತ್ತು ಮುಗಿದ ಮೇಲೆ ಎಣಿಸಿ ಬರೆದಿಡಿ. ಆ ಜಾಗದೊಳಗೆ ಒಂದು ತೋಟಾವೂ ಇರಬಾರದು.

ಗುಂಡು ಹಾರಿಸುವ ಸ್ಪರ್ಧೆಯ ಮಾತೇ ಬೇರೆ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದಂದು ಆಯುಧ ಪೂಜಿಸಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪೈಪೋಟಿ ನಡೆಸುವ ರೂಢಿಯಿದೆ. ಅಲ್ಲಿನ ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ) ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಅದನ್ನು ನೋಡಿ ನಮ್ಮೂರಲ್ಲೂ ಹಾಗೇ ಮಾಡಬಹುದು ಎಂದುಕೊಳ್ಳಬೇಡಿ. ಆ ವಿನಾಯಿತಿ ಇಲ್ಲಿಗೆ ಅನ್ವಯಿಸುವುದಿಲ್ಲ. ಗುರಿ ಹೊಡೆಯುವುದನ್ನು ಕಲಿಯುವ ಆಸೆಯಿದ್ದರೆ ಜಿಲ್ಲಾ ಪೊಲೀಸರ ತರಬೇತಿ ಶಿಬಿರವನ್ನು ವಿಚಾರಿಸಿ.

ನೋಡಲು ಬಂದವರಿಗೆ

* ಕೇಳದೆ ಮುಟ್ಟಬೇಡಿ. ಕೈಗೆ ಕೊಟ್ಟರೂ ಟ್ರಿಗರ್ ಮೇಲೆ ಬೆರಳಿಡಬೇಡಿ.
* ಶಾಲಾ ಮಕ್ಕಳನ್ನು ಠಾಣೆಗೆ ಕರೆದೊಯ್ಯುವ ಶಿಕ್ಷಕರು ಹೊರಡುವ ಮುನ್ನವೇ ಈ ಮಾತು ಹೇಳಲಿ. ಮನೆಯಲ್ಲಿ ಅಥವಾ ಹೊಲದಲ್ಲಿ ಬಂದೂಕು ಕಂಡರೆ ಮುಟ್ಟದೆ ದೊಡ್ಡವರಿಗೆ ಹೇಳಬೇಕು ಎಂಬುದನ್ನೂ ಮಕ್ಕಳಿಗೆ ಕಲಿಸಲಿ.
* ಮೆರವಣಿಗೆಯಲ್ಲಿ ಯಾರಾದರೂ ಬಂದೂಕು ಎತ್ತಿದರೆ ಶಿಳ್ಳೆ ಹೊಡೆದು ಹುರಿದುಂಬಿಸಬೇಡಿ. ಮೇಲಕ್ಕೆ ಹಾರಿದ ಗುಂಡು ಕೆಳಗೆ ಬಿದ್ದೇ ಬೀಳುತ್ತದೆ. ಮಕ್ಕಳನ್ನು ಕರೆದುಕೊಂಡು ದೂರ ಸರಿಯಿರಿ, 112ಕ್ಕೆ ಕರೆ ಮಾಡಿ.
* ಗಾಯವಾಗಿದ್ದರೆ 108ಕ್ಕೆ ತಿಳಿಸಿ. ಆಂಬುಲೆನ್ಸ್ ಬರುವವರೆಗೆ ಶುದ್ಧ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿಯಿರಿ. ಬಿದ್ದ ಬಂದೂಕನ್ನು ಮುಟ್ಟಬೇಡಿ.

ಹಿರಿಯರು ತೀರಿಕೊಂಡರೆ

ಲೈಸೆನ್ಸ್ ಇದ್ದ ಹಿರಿಯರು ತೀರಿಕೊಂಡ ಮೇಲೆ ಬಂದೂಕನ್ನು ನೆನಪಿಗೆಂದು ಅಟ್ಟದ ಮೇಲೆ ಇಟ್ಟುಕೊಳ್ಳಬೇಡಿ. ಆ ಲೈಸೆನ್ಸ್ ಮನೆಯವರಿಗೆ ತಾನಾಗಿ ಬರುವುದಿಲ್ಲ. ಬಂದೂಕನ್ನು ತಡಮಾಡದೆ ಠಾಣೆಯಲ್ಲಿ ಅಥವಾ ಅಧಿಕೃತ ಅಂಗಡಿಯಲ್ಲಿ ಠೇವಣಿ ಇಟ್ಟು, ರಸೀದಿ ಪಡೆದು, ಬೇಕಿದ್ದರೆ ಮನೆಯ ಒಬ್ಬರ ಹೆಸರಿಗೆ ಅರ್ಜಿ ಹಾಕಿ. ಬಂದೂಕು ಕಳೆದುಹೋದರೆ ಅಂದೇ ಠಾಣೆಗೆ ತಿಳಿಸಿ.

ಈ ಬಾರಿಯ ಖಂಡೇನವಮಿಗೆ ಮೊದಲು ಲೈಸೆನ್ಸ್‌ದಾರರೆಲ್ಲ ತಮ್ಮ ಕಪಾಟು, ಬೀಗ, ಲೈಸೆನ್ಸ್ ಮೂರನ್ನೂ ಒಮ್ಮೆ ಪರಿಶೀಲಿಸಿಕೊಳ್ಳಲಿ. ಊರಿನ ಹಿರಿಯರು, ದೇವಸ್ಥಾನ ಸಮಿತಿಯವರು ಮೆರವಣಿಗೆಗೆ ಬಂದೂಕು ಬೇಡವೆಂದು ಮುಂಚಿತವಾಗಿಯೇ ತೀರ್ಮಾನಿಸಿ, ಡಂಗುರ ಸಾರಿಸಿ ಎಲ್ಲರಿಗೂ ತಿಳಿಸಲಿ.