ಚಿಗುರಿನಲ್ಲೇ ಕೆಂಪಾಗುವ ಮರ

ಬೆಳಗಾವಿಯ ರಾಮತೀರ್ಥ ನಗರದಂಥ ಬಡಾವಣೆಯಲ್ಲಿ ಮನೆ ಕಟ್ಟಿಸಿದವರಿಗೆ ಗಿಡಕ್ಕೆಂದು ಉಳಿಯುವುದು ಗೇಟಿನ ಪಕ್ಕದ ಒಂದು ಮೂಲೆ. ಅಲ್ಲಿ ಮಾವು, ಹಲಸು ಬೆಳೆಸುವಂತಿಲ್ಲ. ನಿಧಾನವಾಗಿ ಬೆಳೆದು, ಸೂರು ಮುಟ್ಟುವ ಹೊತ್ತಿಗೆ ನೆರಳು ಕೊಟ್ಟು, ಎಲೆಯಲ್ಲೇ ಬಣ್ಣ ತೋರುವ ಮರ ಬೇಕು ಎಂದಾಗ ನಮ್ಮ ಮನೆಯಲ್ಲಿ ಮೊದಲು ಕೇಳಿದ ಹೆಸರು ಜಪಾನಿ ಮೇಪಲ್. ಅಮೆರಿಕದಲ್ಲಿರುವ ತಂಗಿಯ ಅಂಗಳದಲ್ಲಿ ಅದರ ಗಿಡ್ಡ ತಳಿಯೊಂದಿದೆ. ಕತ್ತರಿಸಿದಂಥ ಸಣ್ಣ ಸಣ್ಣ ಎಲೆ, ನೆಲದತ್ತ ಬಾಗಿದ ಕೊಂಬೆ, ಅಕ್ಟೋಬರಿನಲ್ಲಿ ಇಡೀ ಗಿಡ ಕುಂಕುಮದ ಬಣ್ಣ. ಫೋಟೊ ನೋಡಿದವರಿಗೆ ಆಸೆಯಾಗದೇ ಇರದು.

ಆದರೆ ಮೇಪಲ್‌ಗೆ ಚಳಿಗಾಲದ ನಿದ್ದೆ ಬೇಕು. ವಾರಗಟ್ಟಲೆ ಕೊರೆಯುವ ಚಳಿ ಸಿಕ್ಕರೇ ಅದು ವಸಂತದಲ್ಲಿ ಸರಿಯಾಗಿ ಚಿಗುರುವುದು. ಕಾಶ್ಮೀರ, ಹಿಮಾಚಲದ ಕಡೆ ಆ ಚಳಿ ಇದೆ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ಬೆಳಗಾವಿ ತಂಪಾದ ಊರೆಂದು ಹೆಸರಾದರೂ, ಡಿಸೆಂಬರ್–ಜನವರಿಯ ರಾತ್ರಿಗಳಲ್ಲೂ ಇಲ್ಲಿ ಸಾಮಾನ್ಯವಾಗಿ 13–14 ಡಿಗ್ರಿಗೆ ಚಳಿ ನಿಂತುಬಿಡುತ್ತದೆ. ಮೇಲೆ ಏಪ್ರಿಲಿನ ಮಧ್ಯಾಹ್ನದ ಬಿಸಿಲು. ಆ ತೆಳು ಎಲೆಗಳ ಅಂಚು ಸುಟ್ಟು ಕರಕಲಾಗುತ್ತದೆ. ದುಡ್ಡು ಕೊಟ್ಟು ತಂದು ಆ ಗಿಡವನ್ನು ನರಳಿಸಲು ನನಗೆ ಮನಸ್ಸಾಗಲಿಲ್ಲ.

ದಾರಿ ತೋರಿಸಿದ್ದು ಖಾನಾಪುರದ ಕಾಡು. ಮಾರ್ಚ್‌ನಲ್ಲಿ ಜಾಂಬೋಟಿ ಕಡೆ ಹೊರಟರೆ ಒಣಗಿದ ಗುಡ್ಡದ ಮಧ್ಯೆ ಸಾಗಡೆ ಮರಗಳು ರಕ್ತಗೆಂಪು ಚಿಗುರು ಹೊತ್ತು ನಿಂತಿರುತ್ತವೆ. ಮೇಪಲ್‌ನ ಎಲೆ ಉದುರುವ ಮುಂಚೆ ಕೆಂಪಾದರೆ, ನಮ್ಮ ಕಾಡಿನ ಎಲೆ ಹುಟ್ಟುವಾಗಲೇ ಕೆಂಪು. ಎರಡಕ್ಕೂ ಕಾರಣ ಆಂಥೋಸಯನಿನ್ ಎಂಬ ಒಂದೇ ಬಗೆಯ ಬಣ್ಣದ್ರವ್ಯ. ನಮಗೆ ಬೇಕಾದ ಬಣ್ಣ ಇಲ್ಲೇ ಇದೆ, ಋತು ಮಾತ್ರ ಬೇರೆ. ಸಾಗಡೆ ಬಹಳ ದೊಡ್ಡ ಮರವಾದ್ದರಿಂದ ನಾನು ಆರಿಸಿಕೊಂಡದ್ದು ಸೀತಾ ಅಶೋಕ. ಹೆಚ್ಚೆಂದರೆ ಇಪ್ಪತ್ತೈದು–ಮೂವತ್ತು ಅಡಿ ಎತ್ತರ, ಅದೂ ಬಹಳ ನಿಧಾನವಾಗಿ. ನರ್ಸರಿಯಲ್ಲಿ ಬರೀ ಅಶೋಕ ಎಂದು ಕೇಳಿದರೆ ಕಂಬದಂತೆ ನೆಟ್ಟಗೆ ಬೆಳೆಯುವ ಬೇರೆಯೇ ಮರ ಕೊಡುತ್ತಾರೆ. ಅದರದು ಅಂಚು ಅಲೆಅಲೆಯಾದ ಒಂಟಿ ಎಲೆ. ಸೀತಾ ಅಶೋಕದಲ್ಲಿ ಒಂದೇ ಕಡ್ಡಿಯ ಎರಡೂ ಬದಿಗೆ ಜೋಡಿ ಜೋಡಿ ಎಲೆಗಳಿರುತ್ತವೆ. ಅದನ್ನು ನೋಡಿಯೇ ತರಬೇಕು.

ಪಶ್ಚಿಮ ಘಟ್ಟದಲ್ಲಿ ಅದು ಹಳ್ಳದ ದಂಡೆಯ ಮರ. ದೊಡ್ಡ ಮರಗಳ ಅರೆನೆರಳು, ಎಲೆ ಕೊಳೆತ ಮೆತ್ತನೆ ಮಣ್ಣು, ಬೇರಿಗೆ ಸದಾ ತೇವ, ಆದರೆ ನಿಂತ ನೀರಿಲ್ಲ. ಆರೈಕೆಯೆಂದರೆ ಇಷ್ಟನ್ನು ಸೈಟಿನೊಳಗೆ ಒದಗಿಸುವುದೇ. ಮನೆ ಕಟ್ಟುವಾಗ ತುಂಬಿಸಿದ ಮುರುಮು, ಸಿಮೆಂಟಿನ ಚೂರು, ಸುಣ್ಣದ ಗಾರೆ ಎಲ್ಲವನ್ನೂ ಅಗೆಸಿ ಹೊರಹಾಕಿಸಿದೆ. ಸುಣ್ಣದಂಶ ಉಳಿದರೆ ಬೇರು ಕಬ್ಬಿಣ ಹೀರಲಾರದೆ ಎಳೆ ಎಲೆ ಬಿಳಚಿಕೊಳ್ಳುತ್ತದೆ. ಗುಂಡಿಗೆ ನೀರು ತುಂಬಿಸಿ, ಮರುದಿನ ಬೆಳಿಗ್ಗೆಯೊಳಗೆ ಇಂಗಿತೇ ಎಂದು ನೋಡಿದ ಮೇಲೆಯೇ ಕೆಂಪು ಮಣ್ಣು, ಹಳೆಯ ಸಗಣಿ ಗೊಬ್ಬರ, ತರಗೆಲೆ ತುಂಬಿಸಿದ್ದು. ಜುಲೈನಲ್ಲಿ ಬೆಳಗಾವಿಯ ಮಳೆ ಬಿಡುವು ಕೊಡುವುದಿಲ್ಲ. ಅದಕ್ಕೇ ಬುಡ ಸುತ್ತಲ ನೆಲಕ್ಕಿಂತ ಒಂದು ಗೇಣು ಎತ್ತರವಿರುವಂತೆ, ಮಿರಗದ ಮಳೆ ಹಿಡಿದ ಮೇಲೆ ಮನೆಯ ಪೂರ್ವಕ್ಕೆ ಸಸಿ ನೆಟ್ಟೆ. ಬೆಳಗಿನ ಬಿಸಿಲು ಬೀಳುತ್ತದೆ, ಮಧ್ಯಾಹ್ನದ ಮೇಲೆ ಮನೆಯೇ ನೆರಳು.

ಬೇಸಿಗೆಗೆ ಕಬ್ಬಿನ ರವದಿಯಷ್ಟು ಉಪಕಾರಿ ಬೇರೊಂದಿಲ್ಲ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಹೊಲಗಳಲ್ಲಿ ಸುಟ್ಟುಬಿಡುವ ಆ ಒಣ ಸೋಗೆಯನ್ನು ಬುಡದ ಸುತ್ತ ದಪ್ಪಗೆ ಹಾಸಿದರೆ ತೇವ ಆರುವುದಿಲ್ಲ. ಕಾಂಡಕ್ಕೆ ಮಾತ್ರ ತಾಗಬಾರದು, ನಾಲ್ಕು ಬೆರಳು ದೂರವಿರಬೇಕು, ಇಲ್ಲವಾದರೆ ಗೆದ್ದಲು ಏರುತ್ತದೆ. ದಿನಾ ಚಿಮುಕಿಸುವುದಕ್ಕಿಂತ ಬಿಟ್ಟು ಬಿಟ್ಟು ಆಳಕ್ಕೆ ಇಳಿಯುವಂತೆ ನೀರುಣಿಸುವುದು ಮೇಲು. ಎಳೆಯದಿದ್ದಾಗ ಮೊದಲ ಬೇಸಿಗೆಗಳಲ್ಲಿ ಹಳೆಯ ಹತ್ತಿ ಸೀರೆಯನ್ನು ನಾಲ್ಕು ಗೂಟಕ್ಕೆ ಕಟ್ಟಿ ಒಣಗಾಳಿ ತಡೆದಿದ್ದೆವು.

ಇನ್ನು ಚಿಗುರು. ಕೊಂಬೆಯ ತುದಿಯ ಮೊಗ್ಗಿನಿಂದ ಇಡೀ ಗೊಂಚಲು ಒಮ್ಮೆಗೇ ಜಾರಿ ಬಂದು ಕೆಳಮುಖವಾಗಿ ಜೋತು ಬೀಳುತ್ತದೆ. ಮೊದಲು ತಾಮ್ರ, ಆಮೇಲೆ ನೇರಳೆ ಬೆರೆತ ಕೆಂಪು. ಎಲೆ ರೇಷ್ಮೆ ಬಟ್ಟೆಯಂತೆ ಮೆತ್ತಗೆ, ಬೆರಳ ಮೇಲಿಟ್ಟರೆ ತನ್ನ ಭಾರವನ್ನೂ ಹೊರದು. ಹಾದುಹೋಗುವವರು ಗಿಡ ಬಾಡಿತೆಂದು ಮರುಗುತ್ತಾರೆ. ಬಾಡಿದ್ದಲ್ಲ. ಎಲೆಯ ದೇಟು, ನರಗಳು ಗಟ್ಟಿಯಾಗುವವರೆಗೆ ಅದು ಹಾಗೇ ಇಳಿಬಿದ್ದಿರುತ್ತದೆ, ಆಮೇಲೆ ಹಸಿರಾಗುತ್ತ ಮೇಲೇಳುತ್ತದೆ. ಆಗ ಗಾಬರಿಯಲ್ಲಿ ನೀರು ಸುರಿಯುವುದು, ಗೊಬ್ಬರ ಹಾಕುವುದು, ಕತ್ತರಿ ಆಡಿಸುವುದು ಯಾವುದೂ ಬೇಡ. ಹೂವಿನ ಗೊಂಚಲು ಹಳೆಯ ಕೊಂಬೆಗೂ ಕಾಂಡಕ್ಕೂ ಅಂಟಿಕೊಂಡೇ ಬರುವುದರಿಂದ ಕೆಳಗಿನ ಕೊಂಬೆಗಳನ್ನು ಅಂದಕ್ಕಾಗಿ ಸವರಬಾರದು. ಅರಳಿದಾಗ ಕಿತ್ತಳೆ, ದಿನ ಕಳೆದಂತೆ ಕಡುಗೆಂಪು. ನೋಡುವವರಿಗೆ ದಳದಂತೆ ಕಾಣುವುದೆಲ್ಲ ಪುಷ್ಪಪತ್ರ, ಈ ಹೂವಿಗೆ ದಳಗಳೇ ಇಲ್ಲ.

ಮರ ಹೂ ಬಿಟ್ಟ ಮೇಲೆ ತೊಗಟೆ ಕೇಳಿಕೊಂಡು ಬರುವವರಿದ್ದಾರೆ. ಸ್ತ್ರೀರೋಗಗಳಿಗೆ ಆಯುರ್ವೇದದಲ್ಲಿ ಅದಕ್ಕೆ ಹಳೆಯ ಹೆಸರಿದೆ, ಆ ಹೆಸರೇ ಕಾಡಿನ ಮರಕ್ಕೆ ಕುತ್ತಾಗಿದೆ. ಸುತ್ತಲೂ ತೊಗಟೆ ಸುಲಿದ ಮರ ಉಳಿಯುವುದಿಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) 1998ರಲ್ಲೇ ಇದನ್ನು ಅಪಾಯದಂಚಿನ ಪಟ್ಟಿಗೆ ಸೇರಿಸಿದೆ. ಪೇಟೆಯಲ್ಲಿ ಅಶೋಕದ ಹೆಸರಿನಲ್ಲಿ ಬೇರೆ ಮರದ ತೊಗಟೆಯೂ ಮಾರಾಟವಾಗುತ್ತದೆ. ಅಸಲಿಯನ್ನು ಪತ್ತೆಹಚ್ಚುವ ಬಗೆಯನ್ನು ನಮ್ಮ ಬೆಳಗಾವಿಯ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯ ಸಂಶೋಧಕರೂ ಅಧ್ಯಯನ ಮಾಡಿದ್ದಾರೆ.

ನಾನು ತೊಗಟೆ ಕೊಡುವುದಿಲ್ಲ. ಬೀಜ ಕೇಳಿದವರಿಗೆ ಇಲ್ಲವೆನ್ನುವುದೂ ಇಲ್ಲ. ಚಪ್ಪಟೆಯಾದ ಕಪ್ಪು ಕಾಯಿ ಬಲಿತು ಬಿರಿದ ಕೂಡಲೇ ಬೀಜ ಎತ್ತಿಕೊಳ್ಳಬೇಕು, ಒಣಗಿಸಿ ಇಟ್ಟರೆ ಮೊಳೆಯುವ ಶಕ್ತಿ ಹೋಗುತ್ತದೆ. ಅದೇ ವಾರ ಚೀಲದ ಮಣ್ಣಿನಲ್ಲಿ ಒಂದು ಅಂಗುಲ ಆಳಕ್ಕೆ ಹೂತು, ನೆರಳಲ್ಲಿಟ್ಟು, ತೇವ ಕಾಯ್ದುಕೊಂಡರೆ ಸಾಕು.