ಅಟ್ಟದಿಂದ ಇಳಿದ ಪಾತ್ರೆ-ಪಡಗಕ್ಕೆ ಆರು ಸೂತ್ರ

ಅಜ್ಜಿಯ ಕಾಲದ ಸಾಮಾನು ಹಾಳಾಗುವುದು ಅಟ್ಟದಲ್ಲಲ್ಲ, ಕೆಳಗಿಳಿಸಿದ ದಿನ ನಾವು ಉಜ್ಜುವ ಉಮೇದಿನಲ್ಲಿ. ಕೈ ಹಾಕುವ ಮುಂಚೆ ಇಷ್ಟು ನೋಡಿಕೊಳ್ಳಿ.

1. ಲೋಹ ಯಾವುದೆಂದು ತಿಳಿಯಿರಿ. ಹಳದಿಯದೆಲ್ಲ ಹಿತ್ತಾಳೆಯಲ್ಲ. ಬೆರಳಲ್ಲಿ ತಟ್ಟಿದಾಗ ನಾದ ಗಂಟೆಯ ಹಾಗೆ ಎಳೆದರೆ ಬಹುಶಃ ಕಂಚು. ಹಿತ್ತಾಳೆಯ ನೆಗ್ಗನ್ನು ಕಸುಬುದಾರರು ಕಾಯಿಸಿ, ಬಡಿದು ಎತ್ತುತ್ತಾರೆ. ತಣ್ಣಗಿರುವ ಕಂಚಿಗೆ ಸುತ್ತಿಗೆ ಬಿತ್ತೋ, ಬಿರುಕು.

2. ಕಿಲುಬಿಗೆ ಹುಣಸೆಹಣ್ಣು, ಉಪ್ಪು ಸಾಕು. ಆದರೆ ರಾತ್ರಿಯಿಡೀ ನೆನೆಹಾಕಬೇಡಿ. ಹುಳಿ ಹಿತ್ತಾಳೆಯ ಸತುವನ್ನು ತಿಂದು ಕೆಂಪು ಕಲೆ ಬಿಡುತ್ತದೆ. ತೊಳೆದ ಕೂಡಲೇ ಒರೆಸಿ.

3. ಒಲೆಗೆ ಏರಿಸುವುದಾದರೆ ಕಲಾಯಿ ಹಾಕಿಸಿ. ಇದರಲ್ಲಿ ಜಿಪುಣತನ ಬೇಡ. ಪಾತ್ರೆ ಕಾಯಿಸಿ ನವಸಾಗರ ಎರಚಿದೊಡನೆ ಬಿಳಿ ಹೊಗೆ ಏಳುತ್ತದೆ. ತವರದ ಕಡ್ಡಿ ಮುಟ್ಟಿಸಿ, ಹತ್ತಿಯಲ್ಲಿ ಸರ್ರನೆ ಒಳಮೈಗೆಲ್ಲ ಎಳೆದು, ನೀರಿಗೆ ಅದ್ದುತ್ತಾರೆ. ಎದುರೇ ನಿಂತು ಹಾಕಿಸಿ, ಸೀಸ ಬೆರೆಸದ ತವರವೇ ಬೇಕೆಂದು ಕೇಳಿ. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಒಗ್ಗರಣೆಗೆಂದು ಖಾಲಿ ಪಾತ್ರೆ ಉರಿಯ ಮೇಲಿಟ್ಟು ಮರೆತರೆ ಕಲಾಯಿ ಹೋಯಿತೆಂದೇ ಲೆಕ್ಕ. ಸ್ಟೀಲ್ ಜುಂಗೂ ಬೇಡ. ಒಳಗೆ ಲೋಹದ ಬಣ್ಣ ಇಣುಕಿದರೆ ಸಾರು, ಗೊಜ್ಜು ನಿಲ್ಲಿಸಿ ಮತ್ತೆ ಕಲಾಯಿಯವರ ಹತ್ತಿರ ನಡೆಯಿರಿ.

4. ಬಿದರಿಯ ಕಪ್ಪು ಕೊಳೆಯಲ್ಲ. ಸತು ಮತ್ತು ತಾಮ್ರದ ಎರಕಕ್ಕೆ ಬೀದರ್ ಕೋಟೆಯ ಮಣ್ಣು, ನವಸಾಗರ ಕೂಡಿ ತಂದ ಬಣ್ಣ ಅದು. ಹುಣಸೆ, ಪೀತಾಂಬರಿ ಎರಡೂ ದೂರ. ಮೆತ್ತನೆ ಬಟ್ಟೆಗೆ ಹನಿ ಕೊಬ್ಬರಿ ಎಣ್ಣೆ ಸಾಕು. ಬೆಳ್ಳಿ ತಂತಿ ಎದ್ದಿದ್ದರೆ ಅಂಟು ಹಾಕಬೇಡಿ, ಬಿದರಿ ಕೆಲಸದವರಿಗೇ ಕೊಡಿ.

5. ಚನ್ನಪಟ್ಟಣದ ಹಳೇ ಗೊಂಬೆಗೆ ಸ್ಪಿರಿಟ್, ಸ್ಯಾನಿಟೈಸರ್ ತಾಗಿಸಬೇಡಿ. ಅರಗು ಅದರಲ್ಲಿ ಕರಗುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಸಾಕು.

6. ಅಂಗಡಿಗೆ ಕೊಡುವ ಮುಂಚೆ ಬಿಂದಿಗೆಯ ಕಂಠ, ತಟ್ಟೆಯ ಅಂಚು ಬೆಳಕಿಗೆ ಹಿಡಿದು ನೋಡಿ. ಮದುವೆಗೆ ಬಂದ ಪಾತ್ರೆಯಾದರೆ ಕೊಟ್ಟವರ ಹೆಸರು, ತಾರೀಖು ಚುಕ್ಕಿಚುಕ್ಕಿಯಾಗಿ ಕೊರೆದಿರುತ್ತದೆ. ಬಫಿಂಗ್ ಯಂತ್ರಕ್ಕೆ ಒಡ್ಡಿದರೆ ಹೊಳಪು ಕನ್ನಡಿಯ ಹಾಗೆ ಬರುತ್ತದೆ, ಹೆಸರು ಸವೆದು ಹೋಗುತ್ತದೆ. ಹೊಳಪು ಮುಂದಿನ ಮಳೆಗಾಲಕ್ಕೆ ಹೇಗೂ ಮಂಕಾಗುವಂಥದ್ದು. ಫೋಟೊ ತೆಗೆದಿಟ್ಟುಕೊಂಡು, ‘ಬಫಿಂಗ್ ಬೇಡ, ಕೈಯಲ್ಲೇ ಉಜ್ಜಿ’ ಎಂದು ಚೀಟಿಯ ಮೇಲೇ ಬರೆಸಿ.